ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರಲಿ ಅಂದ ಆಡಿಟರ್ ಮೇಡಂ

ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಪೇಂಟು, ಸಿಮೆಂಟು, ಜೊತೆಗೆ ಗುದ್ದಲಿ, ಕುಡುಗೋಲು. ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವ ಒಬ್ಬ ಮೇಡಂ ಹತ್ತಿರ ಒಂದು ವರ್ಷದಿಂದ ಕೆಲಸ ಮಾಡಿಸುತ್ತಿದ್ದೇವೆ. ಊರಲ್ಲಿ ಎಲ್ಲರೂ ಆಡಿಟರ್ ಅಂತಾರೆ, ಅವರು ಟ್ಯಾಕ್ಸ್ ಪ್ರಾಕ್ಟೀಷನರ್. ಒಬ್ಬರೇ ನಡೆಸುವ ಆಫೀಸು. ಹೆಸರು ಹಾಕಬೇಡಿ, ಈಗಿರುವ ಕೆಲಸವೇ ಸಾಕಷ್ಟಿದೆ ಅಂದರು, ಅದಕ್ಕೆ ಹಾಕಿಲ್ಲ. ಆದರೆ ಅವರು ಏನು ಮಾಡಿಸಿದರು ಅನ್ನೋದು ಎಲ್ಲ ಸಣ್ಣ ಅಂಗಡಿಯವರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

2025ರ ಜುಲೈ ನೆನಪಿದೆಯಲ್ವಾ? ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದವು, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಬೋರ್ಡ್ ತೆಗೆದು ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದರು. ನಮಗೆ ನೋಟಿಸ್ ಬಂದಿರಲಿಲ್ಲ. ಆದರೂ ಅಪ್ಪನಿಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ನಮಗೆ ಜಿಎಸ್‌ಟಿ ನಂಬರ್ ಇದೆ, ಆದರೆ ರಿಟರ್ನ್ ಸರಿಯಾಗಿ ಹೋಗುತ್ತಿದೆಯಾ ಅಂತ ನಮಗೇ ಗೊತ್ತಿರಲಿಲ್ಲ. ಮೊದಲು ನೋಂದಣಿ ಮಾಡಿಸಿದವರು ಅವರದೇ ಮೊಬೈಲ್ ನಂಬರು, ಅವರದೇ ಇಮೇಲ್ ಕೊಟ್ಟಿದ್ದರು. ಒಟಿಪಿ ಅವರಿಗೇ ಹೋಗುತ್ತಿತ್ತು. ಆಮೇಲೆ ಅವರು ಊರು ಬಿಟ್ಟರು, ಫೋನೂ ಎತ್ತಲಿಲ್ಲ.

ಮೇಡಂ ಹತ್ತಿರ ಹೋದಾಗ ಮೊದಲು ಕೇಳಿದ್ದು ಬಿಲ್ ಅಲ್ಲ. "ಯಜಮಾನ್ರೇ, ಒಟಿಪಿ ಯಾರ ಫೋನಿಗೆ ಬರುತ್ತೆ?" ಅಂದರು. ಅಪ್ಪ ಸುಮ್ಮನಾದರು. ಇಂಥ ಸಂದರ್ಭದಲ್ಲಿ ನಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಹತ್ತಿರ ಗುರುತಿನ ದಾಖಲೆ, ಅಂಗಡಿಯ ದಾಖಲೆ ಕೊಟ್ಟು ಮೊಬೈಲ್, ಇಮೇಲ್ ಬದಲಾಯಿಸಿಕೊಳ್ಳಬಹುದಂತೆ. ಅರ್ಜಿ ಬರೆದುಕೊಟ್ಟು ನಮ್ಮನ್ನೇ ಕಳಿಸಿದರು. ಆಯ್ತು. ಹೊಸ ಪಾಸ್‌ವರ್ಡ್ ಬಂದಾಗ ಅಪ್ಪ ಅದನ್ನ ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟರು. ಅವರು ಚೀಟಿ ಮಡಚಿ ವಾಪಸ್ ಅಪ್ಪನ ಜೇಬಿಗೇ ಹಾಕಿಸಿದರು. "ಇದು ನಿಮ್ಮ ಹತ್ರಾನೇ ಇರಲಿ, ಬೇಕಾದಾಗ ನೀವೇ ಹಾಕಿಕೊಡಿ." ನನಗೆ ಅವತ್ತೇ ನಂಬಿಕೆ ಬಂತು.

ಎರಡನೇದು, ಬ್ಯಾಂಕ್ ಖಾತೆ. ನಮ್ಮ ಒಂದೇ ಕ್ಯೂಆರ್‌ಗೆ ಅಂಗಡಿ ದುಡ್ಡೂ ಬರುತ್ತಿತ್ತು, ಅಕ್ಕ ಕಳಿಸುವ ಚೀಟಿ ದುಡ್ಡೂ ಬರುತ್ತಿತ್ತು. ಅಂಗಡಿಗೇ ಬೇರೆ ಕರೆಂಟ್ ಅಕೌಂಟ್ ಮಾಡಿಸಿ, ಗಲ್ಲಾ ಹತ್ತಿರ ಅದರ ಕ್ಯೂಆರ್ ಮಾತ್ರ ಇಡಿ ಅಂದರು. ಗುದ್ದಲಿ, ಕುಡುಗೋಲಿಗೆ ತೆರಿಗೆ ಇಲ್ಲ, ಹಾಗಂತ ಬಿಲ್ ಬರೆಯದೆ ಬಿಟ್ಟರೆ ಖಾತೆಗೆ ಬಂದ ದುಡ್ಡಿಗೂ ತೋರಿಸಿದ ವ್ಯಾಪಾರಕ್ಕೂ ತಾಳೆಯಾಗಲ್ಲ. ಇದು ನಮಗೆ ಹೊಳೆದೇ ಇರಲಿಲ್ಲ. ಈಗ ಅದಕ್ಕೂ ಬಿಲ್ ಆಗುತ್ತೆ, ತೆರಿಗೆ ಇಲ್ಲದ ಮಾಲು ಅಂತಲೇ ರಿಟರ್ನ್‌ನಲ್ಲಿ ಹೋಗುತ್ತೆ.

ಸಣ್ಣ ವ್ಯಾಪಾರಿಗಳಿಗೆ ಕಾಂಪೊಸಿಷನ್ ಅಂತ ಒಂದು ಸರಳ ಸ್ಕೀಮ್ ಇದೆ, ಅದಕ್ಕೆ ಹೋಗೋಣ, ವ್ಯಾಪಾರದ ಶೇ 1 ಕಟ್ಟಿದರೆ ಮುಗೀತು ಅಂತ ಅಪ್ಪನ ಆಸೆ. ವರ್ಷಕ್ಕೆ 1.5 ಕೋಟಿ ಒಳಗಿದ್ದರೆ ಹೋಗಬಹುದು ನಿಜ. ಮೇಡಂ ನಮ್ಮ ಬಿಲ್ ಬುಕ್ ತಿರುವಿ ಹಾಕಿ, ನಿಮ್ಮ ಗಿರಾಕಿಗಳಲ್ಲಿ ಕಂಟ್ರಾಕ್ಟರ್‌ಗಳೇ ಜಾಸ್ತಿ, ಅವರಿಗೆ ಜಿಎಸ್‌ಟಿ ಬಿಲ್ ಬೇಕು, ಕಾಂಪೊಸಿಷನ್‌ನಲ್ಲಿ ಅದನ್ನ ಕೊಡೋಕಾಗಲ್ಲ, ನಿಮಗೂ ಖರೀದಿಯ ಕ್ರೆಡಿಟ್ ಸಿಗಲ್ಲ, ಅಂದರೆ ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋಕಾಗಲ್ಲ ಅಂತ ಬಿಡಿಸಿ ಹೇಳಿದರು. ಬದಲಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿಗೆ ಸೇರಿಸಿದರು. 5 ಕೋಟಿವರೆಗಿನ ವ್ಯಾಪಾರಕ್ಕೆ ಇದು ಸಿಗುತ್ತೆ. ಆದರೆ ಆ ಮೂರರಲ್ಲಿ ಮೊದಲೆರಡು ತಿಂಗಳ ತೆರಿಗೆಯನ್ನ ಆಯಾ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ಆ ತಿಂಗಳುಗಳ ಬಿಲ್‌ಗಳನ್ನ ಮೊದಲೇ ತೋರಿಸೋಕೆ ಪೋರ್ಟಲ್‌ನಲ್ಲಿ ಐಎಫ್‌ಎಫ್ ಅಂತ ಒಂದು ಸೌಲಭ್ಯ ಇದೆ; ಕಂಟ್ರಾಕ್ಟರ್‌ಗಳ ಬಿಲ್‌ಗಳನ್ನ ಮುಂದಿನ ತಿಂಗಳ 13ರೊಳಗೆ ಅದರಲ್ಲಿ ಹಾಕಿದರೆ ಅವರು ಕ್ರೆಡಿಟ್‌ಗೆ ಮೂರು ತಿಂಗಳು ಕಾಯಬೇಕಿಲ್ಲ. ಇದು ಶುರುವಾದ ಮೇಲೆ "ನಿಮ್ಮ ಬಿಲ್ ಕಾಣ್ತಿಲ್ಲ" ಅನ್ನೋ ಫೋನೇ ನಿಂತು ಹೋಯ್ತು.

ನಿಜವಾದ ಕಷ್ಟ ಬಿಲ್ಲಿಂಗ್‌ನದು. ಮೊದಲೆಲ್ಲ ಖರೀದಿ ಬಿಲ್‌ಗಳನ್ನ ಗೋಡೆಯ ತಂತಿಗೆ ಚುಚ್ಚುತ್ತಿದ್ದೆವು. ಮೇಲಿನದು ಹೊಸದು, ಕೆಳಗಿನದು ಹಳದಿ ತಿರುಗಿ ಅಕ್ಷರ ಅಳಿಸಿದ್ದು. ಒಂದು ಭಾನುವಾರ ಪೂರ್ತಿ ಕೂತು ಅದನ್ನ ಬಿಚ್ಚಿ ಮಾಲಿನ ಪಟ್ಟಿ ಮಾಡಿದೆವು. ಮೊಳೆ 7317, ಪಿವಿಸಿ ಪೈಪು 3917, ಸಿಮೆಂಟು 2523, ನಲ್ಲಿ 8481. ಒಂದೊಂದು ಬಗೆಯ ಮಾಲಿಗೂ ಇರುವ ಈ ನಂಬರಿಗೆ ಎಚ್‌ಎಸ್‌ಎನ್ ಕೋಡ್ ಅಂತಾರೆ. ಅದನ್ನ ಒಂದ್ಸಲ ಸರಿಯಾಗಿ ಕೂರಿಸಿದರೆ ಸಾಕು, ಆಮೇಲೆ ಹುಡುಗ ಹೆಸರು ಒತ್ತಿದರೆ ಬಿಲ್ ಬರುತ್ತೆ. ದೊಡ್ಡ ಸಾಫ್ಟ್‌ವೇರ್ ಕೊಳ್ಳಲೇಬೇಕು ಅಂತ ಮೇಡಂ ಹೇಳಲಿಲ್ಲ. 1.5 ಕೋಟಿಗಿಂತ ಕಡಿಮೆ ವ್ಯಾಪಾರ ಇರುವವರಿಗೆ ಜಿಎಸ್‌ಟಿ ಪೋರ್ಟಲ್ ಮೂಲಕವೇ ಉಚಿತ ಬಿಲ್ಲಿಂಗ್ ಸಾಫ್ಟ್‌ವೇರ್ ಸಿಗುತ್ತೆ ಅಂತ ಅವರೇ ತೋರಿಸಿದರು.

ದರ ಬದಲಾದಾಗಲೂ ಕೈ ಬಿಡಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿಗೆ ಶೇ 28 ಹೋಗಿ 18 ಆಯಿತು. ಹಿಂದಿನ ದಿನ ಭಾನುವಾರ, ಸಂಜೆ ಅವರೇ ಫೋನ್ ಮಾಡಿ, ಬೆಳಿಗ್ಗೆ ಶಟರ್ ಎತ್ತುವ ಮುಂಚೆ ದರ ಬದಲಾಯಿಸಿ, ಹಳೇ ಮೂಟೆಗಳನ್ನೂ 18ರಲ್ಲೇ ಬಿಲ್ ಮಾಡಿ, ನೀವು ಕಟ್ಟಿದ 28ರ ಕ್ರೆಡಿಟ್ ಲೆಡ್ಜರ್‌ನಲ್ಲಿ ಹಾಗೇ ಇರುತ್ತೆ ಅಂದರು.

ಇನ್ನೊಂದು ಹೇಳಲೇಬೇಕು. ಜಿಎಸ್‌ಟಿಆರ್ 2ಬಿ ಅಂತ ಒಂದು ಪಟ್ಟಿ ಬರುತ್ತೆ, ನಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳೆಲ್ಲ ಅದರಲ್ಲಿರುತ್ತೆ. ಮೇಡಂ ಅದನ್ನ ಪ್ರಿಂಟ್ ತೆಗೆದು ನಮ್ಮ ಕೈಗೇ ಪೆನ್ಸಿಲ್ ಕೊಟ್ಟು, ಒಂದೊಂದೇ ಬಿಲ್‌ಗೆ ಗುರುತು ಹಾಕಿಸುತ್ತಾರೆ. ಒಂದು ಸಲ 24,000 ರೂಪಾಯಿಯ ಪೈಪಿನ ಬಿಲ್ ಅದರಲ್ಲಿ ಇರಲೇ ಇಲ್ಲ. 4,320 ರೂಪಾಯಿ ತೆರಿಗೆ ನಾವು ಆಗಲೇ ಕೊಟ್ಟಾಗಿತ್ತು, ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಕ್ರೆಡಿಟ್ ಸಿಗಲ್ಲ. ಮಾಲು ಕೊಟ್ಟವರಿಗೆ ಅಲ್ಲಿಂದಲೇ ಅಪ್ಪ ಫೋನ್ ಹಚ್ಚಿದರು, ಮರೆತುಹೋಗಿತ್ತು ಅಂದರು, ಮುಂದಿನ ಕಂತಿನಲ್ಲಿ ಬಂತು. ಮೊದಲು ಹೀಗೆ ಎಷ್ಟು ಹೋಗಿರಬಹುದು ಅಂತ ನೆನೆದರೆ ಹೊಟ್ಟೆ ಉರಿಯುತ್ತೆ.

ಕೊರತೆ ಇಲ್ಲವೇ ಇಲ್ಲ ಅಂತಲ್ಲ. ತಿಂಗಳ 10 ದಾಟಿದ ಮೇಲೆ ಅವರು ಫೋನಿಗೆ ಸಿಗಲ್ಲ, ಮೆಟ್ಟಿಲವರೆಗೂ ಜನ ಕಾಯುತ್ತಿರುತ್ತಾರೆ. ಹೇಳಿಕೊಡುವುದು ಸ್ವಲ್ಪ ವೇಗ ಜಾಸ್ತಿ, ನಾನು ಎರಡು ಸಲ ಹೋಗಿ ಬಿಲ್ ಕ್ಯಾನ್ಸಲ್ ಮಾಡೋದು ಕಲಿಯಬೇಕಾಯ್ತು. ಮೂರು ತಿಂಗಳಿಗೆ 3,000 ರೂಪಾಯಿ ತಗೊಳ್ತಾರೆ, ಅದಕ್ಕಿಂತ ಕಡಿಮೆಗೆ ಮಾಡಿಕೊಡುವವರು ಊರಲ್ಲಿ ಇದ್ದಾರೆ. ನಾವು ಬೇರೆ ಕಡೆ ಹೋಗಲ್ಲ.

ನೀವು ಯಾವ ಊರಲ್ಲಿದ್ದರೂ ಇಂಥವರ ಹತ್ತಿರ ಹೋಗುವುದಾದರೆ ತಿಂಗಳ ಮೊದಲ ವಾರ ಹೋಗಿ. ಖರೀದಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಹೋಗಿ. ಒಟಿಪಿ ಬರುವ ಫೋನು ಯಾರದು ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.