ಆರ್‌ಎಕ್ಸ್‌ನ ಏರ್ ಬಾಕ್ಸ್ ಕೀಳಿಸುವ ಮೊದಲು ಇದನ್ನು ಓದಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಯಮಹಾ ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಬೈಕಿನ ಹುಚ್ಚಿನವರಿಗಾಗಿ ಬರೆಯುತ್ತಿದ್ದೇನೆ. ಏರ್ ಬಾಕ್ಸ್, ಅಂದರೆ ಏರ್ ಫಿಲ್ಟರ್ ಕೂರುವ ಡಬ್ಬಿ ಕಿತ್ತು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಿಗೆ ನೇರ ಕೋನ್ ಫಿಲ್ಟರ್ ಸಿಕ್ಕಿಸಿ ಪಿಕಪ್ ಜಾಸ್ತಿ ಮಾಡಿಕೊಡ್ತೇವೆ ಅಂತ ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಯಾವ ನಂಬರಿನದು ಹಾಕ್ತೀರಿ? ಉತ್ತರ ತಡವರಿಸಿದರೆ ಗಾಡಿ ವಾಪಸ್ ತನ್ನಿ.

ನನ್ನದು ಯಮಹಾ ಆರ್‌ಎಕ್ಸ್ 100. 98 ಸಿಸಿ, 11 ಹಾರ್ಸ್‌ಪವರ್. ತೋಟದ ದಾರಿ, ಸೊಪ್ಪಿನ ಬೆಟ್ಟ, ಮಳೆ ಮುಗಿದ ಮೇಲೆ ಗೆಳೆಯರ ಜೊತೆ ಕಾಡಿನ ಮಣ್ಣುದಾರಿ, ಎಲ್ಲಕ್ಕೂ ಅದೇ. ಜೆಟ್ ಬದಲಿಸಬೇಕಲ್ವಾ ಅಂತ ನಾನು ಗ್ಯಾರೇಜಿನಲ್ಲಿ ಮತ್ತೆ ಮತ್ತೆ ಕೇಳಿದ್ದೆ. "ಏನೂ ಬೇಡ ಮಾರಾಯಾ, ಗಾಳಿ ಜಾಸ್ತಿ ಹೋದ್ರೆ ಪವರ್ ಜಾಸ್ತಿ. ಕಂಪನಿ ಜೆಟ್ಟೇ ಸಾಕು" ಅಂದರು. ನಂಬಿ ಮಾಡಿಸಿಕೊಂಡೆ. ಗ್ಯಾರೇಜಿನ ಹೆಸರು ಬೇಡ. ಇಂಥ ಮಾತು ಹೇಳುವವರು ಎಲ್ಲಾ ಊರಲ್ಲೂ ಇದ್ದಾರೆ.

ಸೌಂಡಂತೂ ಬದಲಾಯಿತು. ಥ್ರಾಟಲ್ ತಿರುವಿದರೆ ಸೀಟಿನ ಕೆಳಗಿಂದ ಗೊರ್ರ್ ಅಂತ ಗಾಳಿ ಎಳೆಯುವ ಸದ್ದು. ಕಿವಿಗೆ ಅದೇ ಪವರ್ ಅನಿಸುತ್ತದೆ. ಆದರೆ ತೋಟದಿಂದ ಮೇಲೆ ಬರುವ ಏರಿನಲ್ಲಿ ಮೊದಲು ಎರಡನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಗಾಡಿ ಈಗ ಮೊದಲನೇ ಗೇರ್ ಕೇಳತೊಡಗಿತು. ಆ ಕಪ್ಪು ಡಬ್ಬಿ, ಅದರ ರಬ್ಬರ್ ಕೊಳವೆ ಸುಮ್ನೆ ಇಟ್ಟದ್ದಲ್ಲ. ಇಂಜಿನ್ ಗಾಳಿ ಎಳೆಯುವ ಲಯಕ್ಕೆ ಹೊಂದುವಂತೆ ಅಳತೆ ನೋಡಿ ಮಾಡಿದ್ದು. ಕಿತ್ತರೆ ಕಡಿಮೆ ಆರ್‌ಪಿಎಂನ ಎಳೆತ ಮೊದಲು ಹೋಗುತ್ತದೆ. ಕಲ್ಲು, ಕೆಸರು, ಏರಿನಲ್ಲಿ ನಮಗೆ ಬೇಕಾದದ್ದೇ ಆ ಎಳೆತ.

ಅದನ್ನಾದರೂ ಸಹಿಸಬಹುದಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಅಂದರೆ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ, ಪಿಸ್ಟನ್ ವಿಪರೀತ ಕಾಯುತ್ತದೆ. ಇಂಜಿನ್ನಿಗೆ ಆಯಿಲ್ ಕೊಡುವ ಪಂಪ್ ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸುವವರಿಗೆ ಅಪಾಯ ಇನ್ನೂ ಜಾಸ್ತಿ, ಪೆಟ್ರೋಲ್ ಕಡಿಮೆಯಾದಷ್ಟೂ ಆಯಿಲೂ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಂದರೆ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಕರಾವಳಿಯ ಕುಮಟಾಕ್ಕೆ ಇಳಿದರೆ ಗಾಳಿ ದಟ್ಟ. ಶಿರಸಿಯಲ್ಲಿ ಹೇಗೋ ನಡೆಯುತ್ತಿದ್ದ ಗಾಡಿ ಕೆಳಗೆ ಹೋದಾಗ ಮತ್ತಷ್ಟು ಲೀನ್. ಚಳಿಗಾಲದ ಬೆಳಿಗ್ಗೆಯಾದರೆ ಕೇಳುವುದೇ ಬೇಡ.

ನನಗೆ ಆದದ್ದೂ ಹಾಗೇ. ಡಿಸೆಂಬರ್ ಬೆಳಿಗ್ಗೆ ಕುಮಟಾದಿಂದ ವಾಪಸ್, ದೇವಿಮನೆ ಘಟ್ಟದ ಬುಡದಲ್ಲಿ ಫುಲ್ ಥ್ರಾಟಲ್. ಇಂಜಿನ್ನಿನಿಂದ ಕಿಣಿಕಿಣಿ ಸದ್ದು ಬಂತು, ಮರುಕ್ಷಣ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಲಾಕ್. ಕೈ ಕ್ಲಚ್ ಮೇಲೇ ಇತ್ತು, ಹಿಡಿದೆ, ಬದುಕಿದೆ. ಬೆನ್ನಿಗೇ ಮೀನಿನ ಟೆಂಪೋ ಬರುತ್ತಿತ್ತು.

ಕುಮಟಾದ ಹಳೇ ಮೆಕ್ಯಾನಿಕ್ ಒಬ್ಬರು ಹೆಡ್ ಬಿಚ್ಚಿದರು. ಸ್ಪಾರ್ಕ್ ಪ್ಲಗ್ ಸುಣ್ಣದ ಹಾಗೆ ಬಿಳಿ. ಸರಿಯಿದ್ದರೆ ಕಾಫಿಪುಡಿ ಬಣ್ಣ ಇರಬೇಕು. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಯಲ್ಲಿ ಉದ್ದುದ್ದ ಗೀರು, ಅಲ್ಯೂಮಿನಿಯಂ ಕರಗಿ ರಿಂಗಿಗೆ ಮೆತ್ತಿಕೊಂಡಿತ್ತು. ಆಮೇಲೆ ಅವರು ಕಾರ್ಬೊರೇಟರ್ ಬಾಯೊಳಗೆ ಬೆರಳು ಆಡಿಸಿ ತೋರಿಸಿದರು. ಬೆರಳು ಕೆಂಪು. ಹಿಂದಿನ ಚಕ್ರ ಎರಚಿದ ಚಿರೆಕಲ್ಲಿನ ಧೂಳು ಆ ಅಗ್ಗದ ಫಿಲ್ಟರಿನ ಜಾಲರಿ ದಾಟಿ ಒಳಗೆ ಹೋಗಿತ್ತು. ಟೂ ಸ್ಟ್ರೋಕ್‌ನಲ್ಲಿ ಗಾಳಿ ಮೊದಲು ಹೋಗುವುದು ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸ್‌ಗೆ, ಆಮೇಲೆ ಪಿಸ್ಟನ್ ಮೇಲಕ್ಕೆ. ಹಾಗಾಗಿ ಬೋರಿನ (ಪಿಸ್ಟನ್ ಆಡುವ ಸಿಲಿಂಡರ್ ಒಳಮೈಯ) ಜೊತೆಗೆ ಕ್ರ್ಯಾಂಕ್ ಬೇರಿಂಗೂ ಹೋಗಿತ್ತು. ಬೋರಿಂಗ್, ಹೊಸ ಪಿಸ್ಟನ್, ಕ್ರ್ಯಾಂಕ್ ಬಿಚ್ಚಿ ಬೇರಿಂಗ್, ಎಲ್ಲಾ ಖರ್ಚು ನನ್ನ ತಲೆಗೆ.

ಇನ್‌ಟೇಕ್, ಅಂದರೆ ಗಾಳಿ ಒಳಬರುವ ಕಡೆಯ ಕೆಲಸದಿಂದ ಪ್ರಯೋಜನವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಳಬಂದ ಗಾಳಿ ಹಿಂದೆ ಹೋಗದಂತೆ ತಡೆಯುವ ಹಳೇ ರೀಡ್ ವಾಲ್ವಿನ ಎಲೆ ಸೀಳಿದ್ದರೆ, ಅಂಚು ಸರಿಯಾಗಿ ಮುಚ್ಚದಿದ್ದರೆ, ಹೊಸದು ಹಾಕಿದ ಕೂಡಲೇ ಸ್ಟಾರ್ಟಿಂಗು, ಎಳೆತ ಎರಡೂ ಸುಧಾರಿಸುತ್ತವೆ. ರೇಸಿನವರು ಕಾರ್ಬನ್ ರೀಡ್, ದೊಡ್ಡ ಕಾರ್ಬೊರೇಟರ್ ಹಾಕುತ್ತಾರೆ, ನಿಜ. ಅವರು ಪೋರ್ಟು (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಹೋಗಿಬರುವ ಕಿಂಡಿ), ಸೈಲೆನ್ಸರು, ಜೆಟ್ಟು ಎಲ್ಲವನ್ನೂ ಜೊತೆಗೇ ಹೊಂದಿಸುತ್ತಾರೆ. ಟೂ ಸ್ಟ್ರೋಕ್‌ನಲ್ಲಿ ಪವರಿನ ಹೆಚ್ಚಿನ ಲೆಕ್ಕಾಚಾರ ಇರುವುದೇ ಪೋರ್ಟಿನ ಎತ್ತರ ಮತ್ತು ಸೈಲೆನ್ಸರಿನ ಹೊಟ್ಟೆಯಲ್ಲಿ. ಗಾಳಿ ಎಳೆಯುವ ಬಾಯಿ ಮಾತ್ರ ಅಗಲ ಮಾಡಿದರೆ ಏನೂ ಸಿಗುವುದಿಲ್ಲ. ಮಣ್ಣುದಾರಿಗೆ ಒಳ್ಳೇ ಫೋಮ್ ಫಿಲ್ಟರ್ ತೊಳೆದು, ಫಿಲ್ಟರ್ ಆಯಿಲ್ ಹಚ್ಚಿ, ಬಾಕ್ಸಿನೊಳಗೇ ಕೂರಿಸಿ. ನನ್ನ ಗೆಳೆಯನ ಗಾಡಿ ಹಾಗೇ ಓಡುತ್ತಿದೆ, ಏರಿನಲ್ಲಿ ನನ್ನದಕ್ಕಿಂತ ಮುಂದೆ.

ಗ್ಯಾರೇಜಿಗೆ ಹೋಗಿ ಕೇಳಿದ್ದಕ್ಕೆ "ನೀವು ಓಡಿಸಿದ್ದೇ ಜೋರು" ಅಂದರು. ಹೋಗಲಿ, ನನ್ನ ಹಳೇ ಏರ್ ಬಾಕ್ಸ್ ಕೊಡಿ ಅಂದೆ. ಗುಜರಿಗೆ ಹೋಯ್ತಂತೆ. 1996ರಲ್ಲಿ ತಯಾರಿಕೆ ನಿಂತುಹೋದ ಗಾಡಿಗೆ ಒರಿಜಿನಲ್ ಬಾಕ್ಸ್ ಹುಡುಕುವುದು ಎಷ್ಟು ಕಷ್ಟ ಅಂತ ಆರ್‌ಎಕ್ಸ್ ಇಟ್ಟವರಿಗೆ ಗೊತ್ತು. ಹಾಗಾಗಿ ಯಾವ ಕೆಲಸ ಮಾಡಿಸಿದರೂ, ಬಿಚ್ಚಿದ ಸಾಮಾನನ್ನು ಅವತ್ತೇ ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ತನ್ನಿ. ಯಾರ ಹತ್ತಿರವಾದರೂ ಒಡೆಯದ ಬಾಕ್ಸ್ ಇದ್ದರೆ ನನಗೂ ತಿಳಿಸಿ.