ಹಳೆಯ ಪೀಟರ್ ರೈಟ್ ಅಡಿಗಲ್ಲು: ಕೊಳ್ಳಲು ಯೋಗ್ಯವೇ?

ಇಂಗ್ಲೆಂಡಿನ ಡಡ್ಲಿಯಲ್ಲಿ ಪೀಟರ್ ರೈಟ್ ಸಂಸ್ಥೆ ತಯಾರಿಸಿದ ಈ ಕಮ್ಮಾರರ ಅಡಿಗಲ್ಲನ್ನು (ಕಾದ ಕಬ್ಬಿಣವನ್ನಿಟ್ಟು ಬಡಿಯುವ ಲೋಹದ ದಿಮ್ಮಿ) ನಾನು ಹಳೆಯ ಸಲಕರಣೆಗಳ ಅಂಗಡಿಯಲ್ಲಿ ಕೊಂಡೆ. ತಯಾರಕನ ಹೆಸರು ಸವೆದಿದ್ದರೂ, ತಂತಿಯ ಬ್ರಷ್ಷಿನಿಂದ ಉಜ್ಜಿ ಓರೆ ಬೆಳಕು ಹಾಯಿಸಿದಾಗ ‘ಸಾಲಿಡ್ ರಾಟ್’ (ಇಡಿಯಾಗಿ ಬಡಿದು ಮಾಡಿದ್ದು ಎಂದರ್ಥ) ಎಂಬ ವೃತ್ತಾಕಾರದ ಮುದ್ರೆ ಕಾಣಿಸಿತು. ಪಾದಗಳ ಮೇಲಿನ ಸಣ್ಣ ಮೆಟ್ಟಿಲೂ ಇದು ಪೀಟರ್ ರೈಟ್ ಅಡಿಗಲ್ಲೇ ಎಂಬುದನ್ನು ಸಮರ್ಥಿಸುತ್ತದೆ. ಪಕ್ಕದಲ್ಲಿರುವ 1-2-10 ಎಂಬುದು ಇಸವಿಯಲ್ಲ (ಹಾಗೆಂದು ನಂಬಿಸಿ ಮಾರುವವರಿದ್ದಾರೆ), ತೂಕ: ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು 28ರದು, ಕೊನೆಯದು ಬಿಡಿ ಪೌಂಡು, ಒಟ್ಟು 178, ಅಂದರೆ ಸುಮಾರು 81 ಕಿಲೋ. ‘ಇಂಗ್ಲೆಂಡ್’ ಎಂಬ ಅಚ್ಚೂ ಇರುವುದರಿಂದ, ಆಮದು ಸರಕಿನ ಮೇಲೆ ದೇಶದ ಹೆಸರನ್ನು ಕಡ್ಡಾಯಗೊಳಿಸಿದ ಅಮೆರಿಕದ 1890ರ ಕಾಯ್ದೆಯ ನಂತರದ್ದೆಂದು ಬಹುಮಟ್ಟಿಗೆ ಹೇಳಬಹುದು. ಉಕ್ಕಿನ ಮೇಲ್ಮೈ ಸುತ್ತಿಗೆಯನ್ನು ಇಂದಿಗೂ ಚೆನ್ನಾಗಿ ಪುಟಿಸುತ್ತದೆ. ಅಂಚು ಮುಕ್ಕಾಗಿದ್ದರೂ ಕೊಳ್ಳಬಹುದು. ಯಂತ್ರದಿಂದ ಮೇಲ್ಮೈ ಹೆರೆಸಿದ್ದನ್ನು ಬಿಡುವುದೇ ಲೇಸು.