ಆಸ್ಪೆನ್ ತೊಗಟೆ ಮತ್ತು ಮೊಗ್ಗಿನ ಮುಲಾಮು: ನಾಲ್ಕು ತಿಂಗಳು ಬಳಸಿದ ಮೇಲೆ

ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟದೂರೊಂದರ ಗಿಡಮೂಲಿಕೆ ಅಂಗಡಿಯಲ್ಲಿ ಕಳೆದ ಅಕ್ಟೋಬರಿನಲ್ಲಿ ನಾನು ಕೊಂಡದ್ದು ಎರಡು ವಸ್ತು: ಕಷಾಯಕ್ಕೆಂದು ಆಸ್ಪೆನ್ ಮರದ ಒಣಗಿದ ತೊಗಟೆಯ ಒಂದು ಪೊಟ್ಟಣ, ಅದೇ ಮರದ ಮೊಗ್ಗಿನಿಂದ ಮಾಡಿದ್ದೆಂದು ಬರೆದಿದ್ದ ಒಂದು ಡಬ್ಬಿ ಮುಲಾಮು. ಊರಿಂದ ಬಂದು ನಮ್ಮೊಡನಿದ್ದ ಅಮ್ಮನ ಮಂಡಿನೋವು ಮತ್ತು ನನ್ನ ಸೊಂಟನೋವಿಗೆಂದು ತೊಗಟೆ, ಇಲ್ಲಿನ ಒಣಹವೆಗೆ ಸೀಳಿದ್ದ ನನ್ನ ಹಿಮ್ಮಡಿಗಳಿಗೆಂದು ಮುಲಾಮು.

ನಮ್ಮ ಅರಳಿಯಂತೆ ಸಣ್ಣ ಗಾಳಿಗೂ ಎಲೆ ನಡುಗಿಸುವ ಈ ಮರದ ತೊಗಟೆಗೆ ನೋವು ನಿವಾರಕವೆಂಬ ಹೆಸರು ಸುಮ್ಮನೆ ಬಂದದ್ದಲ್ಲ. 1828ರಲ್ಲಿ ಜರ್ಮನಿಯ ಮ್ಯೂನಿಕ್‌ನ ವಿಜ್ಞಾನಿ ಬುಖ್ನರ್ ವಿಲ್ಲೋ ಮರದ ತೊಗಟೆಯಿಂದ ಸ್ಯಾಲಿಸಿನ್ ಎಂಬ, ನೋವು ತಗ್ಗಿಸುವ ಕಹಿ ಪದಾರ್ಥವನ್ನು ಬೇರ್ಪಡಿಸಿದರು. 1830ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬ್ರಾಕೊನೊ ಅದೇ ಪದಾರ್ಥವನ್ನೂ ಅದರ ಬಂಧುವಾದ ಪಾಪ್ಯುಲಿನ್ ಅನ್ನೂ ಆಸ್ಪೆನ್ ತೊಗಟೆಯಲ್ಲಿ ಕಂಡರು. ಯುರೋಪಿನ ಆಸ್ಪೆನ್‌ನ ಎಲೆ ಮತ್ತು ತೊಗಟೆಯ ಸಾರವನ್ನು ಇನ್ನೆರಡು ಮೂಲಿಕೆಗಳೊಡನೆ ಬೆರೆಸಿದ ಔಷಧವೊಂದು ಜರ್ಮನಿಯಲ್ಲಿ ಕೀಲುನೋವಿಗೆ ಬಳಕೆಯಲ್ಲಿದೆ.

ಪೊಟ್ಟಣದ ಸರಕು ಒಳ್ಳೆಯದೇ ಆಗಿತ್ತು. ಚೂರನ್ನು ಉಗುರಿನಿಂದ ಕೆರೆದರೆ ಬಿಳಿ ಹೊರಪದರದ ಅಡಿಯಲ್ಲಿ ಮಾಸಲು ಹಸಿರು ಇನ್ನೂ ಕಾಣುತ್ತಿತ್ತು. ಆಸ್ಪೆನ್ ತನ್ನ ತೊಗಟೆಯಿಂದಲೂ ಬಿಸಿಲನ್ನು ಹೀರಿ ಆಹಾರ ತಯಾರಿಸಿಕೊಳ್ಳುವ ಮರ. ಒಂದು ಚಮಚ ಚೂರನ್ನು ಎರಡು ಲೋಟ ನೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿ ಕುಡಿದೆ. ನೆಲಬೇವಿನ ಕಷಾಯ ಕುಡಿದು ಬೆಳೆದವರಿಗೆ ಈ ಕಹಿ ಹೊಸದೇನಲ್ಲ, ಆದರೆ ನಾಲಗೆ ಒಗರಾಗಿ ಬಹಳ ಹೊತ್ತು ಹಾಗೆಯೇ ಇರುತ್ತದೆ. ವಾರದಲ್ಲಿ ಸೊಂಟನೋವು ಸ್ವಲ್ಪ ಹದಕ್ಕೆ ಬಂತು. ಅದು ಕಷಾಯದ್ದೋ ವಿಶ್ರಾಂತಿಯದ್ದೋ ಎಂದು ನಾನು ಪ್ರಮಾಣ ಮಾಡಲಾರೆ.

ಅಮ್ಮನಿಗೆ ಮಾತ್ರ ಕೊಡಲಿಲ್ಲ. ಅವರು ಹೃದಯದ ಕಾರಣಕ್ಕೆ ದಿನವೂ ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುವವರು. ಸ್ಯಾಲಿಸಿನ್ ನಮ್ಮ ಮೈಯೊಳಗೆ ಸ್ಯಾಲಿಸಿಲಿಕ್ ಆಮ್ಲವಾಗಿ ಬದಲಾಗುತ್ತದೆ. ಅದು ಆಸ್ಪಿರಿನ್ನಿನಷ್ಟು ರಕ್ತವನ್ನು ತೆಳುವಾಗಿಸದಿದ್ದರೂ ಅದೇ ಕುಲದ್ದು. ಹೀಗಿದ್ದೂ ಪೊಟ್ಟಣದ ಮೇಲೆ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ಅಂಗಡಿಗೆ ಹೋಗಿ ಕೇಳಿದಾಗ, ಬರೀ ಮರದ ತೊಗಟೆ, ಯಾರು ಬೇಕಾದರೂ ಕುಡಿಯಬಹುದು ಎಂಬ ಉತ್ತರ ಬಂತು. "ಕಷಾಯ ತಾನೆ, ಏನಾಗುತ್ತೆ?" ಎಂದು ಅಮ್ಮನೂ ಕೇಳಿದ್ದರು, ಅವರು ಕೇಳಿದ್ದು ಸಹಜ, ಮಾರುವವರು ಹಾಗೆನ್ನುವುದು ಸರಿಯಲ್ಲ. ಆಸ್ಪಿರಿನ್ ಒಗ್ಗದವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಹೊಟ್ಟೆಹುಣ್ಣಿರುವವರು, ಬಸುರಿಯರು ಇದನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಜ್ವರ ಬಂದ ಮಕ್ಕಳಿಗಂತೂ ಕೊಡಲೇಬಾರದು. ಒಂದು ಚೀಟಿಯಲ್ಲಿ ಹಿಡಿಸುವಷ್ಟು ವಿಷಯವಿದು.

ಮುಲಾಮಿನ ಬಗ್ಗೆ ಸಂತೋಷದಿಂದ ಬರೆಯಬಲ್ಲೆ. ಎಣ್ಣೆಯಲ್ಲಿ ಮೊಗ್ಗನ್ನು ನೆನೆಹಾಕಿ, ಸೋಸಿ, ಜೇನುಮೇಣ ಬೆರೆಸಿ ಮಾಡಿದ್ದು. ಬೆರಳಿಗೆ ತೆಗೆದುಕೊಂಡರೆ ಜೇನಿನ ಬಣ್ಣ, ತುಸು ಅಂಟು, ಸಾಂಬ್ರಾಣಿಯನ್ನು ನೆನಪಿಸುವ ಪರಿಮಳ. ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಿದೆ. ರಕ್ತ ಜಿನುಗುತ್ತಿದ್ದ ಬಿರುಕುಗಳು ಹತ್ತು ದಿನದಲ್ಲಿ ಮುಚ್ಚಿಕೊಂಡವು. ಆಸ್ಪೆನ್ ಸೇರಿರುವ ಪಾಪ್ಲರ್ ಕುಲದ ಮೊಗ್ಗನ್ನು ಚರ್ಮದ ಮೇಲಿನ ಸಣ್ಣ ಗಾಯ, ಹಿಮದ ಹುಣ್ಣು, ಬಿಸಿಲಿನ ಉರಿಗೆ ಹಚ್ಚಲು ಗಿಡಮೂಲಿಕೆ ಔಷಧಗಳನ್ನು ಪರಿಶೀಲಿಸುತ್ತಿದ್ದ ಜರ್ಮನಿಯ ತಜ್ಞರ ಸಮಿತಿ ಕಮಿಷನ್ ಇ ಹಿಂದೆಯೇ ಒಪ್ಪಿಗೆ ಕೊಟ್ಟಿತ್ತು.

ಆದರೆ ಆ ಪರಿಮಳವೇ ನನ್ನಲ್ಲಿ ಅನುಮಾನ ಹುಟ್ಟಿಸಿತು. ಆಸ್ಪೆನ್ ಮೊಗ್ಗಿನಲ್ಲಿ ಅಂಟು ಕಡಿಮೆ. ಘಮಘಮಿಸುವುದು ಅದೇ ಕುಲದ ಕಾಟನ್‌ವುಡ್, ಬಾಲ್ಸಮ್ ಪಾಪ್ಲರ್‌ಗಳ ಮೊಗ್ಗು. ಅಂಗಡಿಯವರನ್ನು ವಿಚಾರಿಸಿದಾಗ, ಹೊಳೆದಂಡೆಯ ಕಾಟನ್‌ವುಡ್ ಮೊಗ್ಗನ್ನೇ ಹೆಚ್ಚು ಹಾಕುತ್ತೇವೆಂದು ಒಪ್ಪಿಕೊಂಡರು. ಮುಲಾಮಿನ ಗುಣಕ್ಕೆ ಇದರಿಂದ ಕುಂದಿಲ್ಲ, ಆದರೂ ಡಬ್ಬಿಯ ಮೇಲೆ ಇದ್ದದ್ದನ್ನು ಇದ್ದಂತೆ ಬರೆಯಬೇಕಿತ್ತು. ಜೇನುನೊಣಗಳು ಗೂಡಿನ ಬಿರುಕು ಮುಚ್ಚುವ ಪ್ರೊಪೊಲಿಸ್ ಎಂಬ ಮೇಣದಂಥ ಪದಾರ್ಥವನ್ನು ಇಂಥ ಮೊಗ್ಗುಗಳ ಅಂಟಿನಿಂದಲೂ ಮಾಡುವುದರಿಂದ, ಪ್ರೊಪೊಲಿಸ್ ಒಗ್ಗದವರ ಚರ್ಮ ಇದಕ್ಕೂ ಕೆಂಪೇರಬಹುದು. ಮೊದಲು ಮಣಿಕಟ್ಟಿನ ಒಳಬದಿಗೆ ಚೂರೇ ಹಚ್ಚಿ ಒಂದು ದಿನ ಕಾದು ನೋಡಿ.

ಮುಲಾಮನ್ನು ಮತ್ತೆ ಕೊಳ್ಳುತ್ತೇನೆ. ತೊಗಟೆಯನ್ನು ಕೊಳ್ಳಬೇಕಾದರೆ ಚೀಟಿಯಲ್ಲಿ ಎಚ್ಚರಿಕೆ ಬರಬೇಕು, ಜೊತೆಗೆ ಅದು ಬಿದ್ದ ಕೊಂಬೆಯದೋ ನಿಂತ ಮರದ್ದೋ ಎಂಬುದನ್ನೂ ತಿಳಿಸಬೇಕು. ಆಸ್ಪೆನ್ ತೊಗಟೆ ತೆಳುವು. ನಿಂತ ಮರವನ್ನು ಸುಲಿದರೆ ಆ ಗಾಯದಿಂದ ರೋಗ ಹೊಕ್ಕು ಕಾಂಡವೇ ಸಾಯಬಹುದು. ಈ ಪ್ರಶ್ನೆಗೆ ಅಂಗಡಿಯವರಿಂದ ಇನ್ನೂ ಉತ್ತರ ಬಂದಿಲ್ಲ.